ಚಳ್ಳಕೆರೆ ದಾರಿಯಲ್ಲಿ ನಾಲ್ಕನೇ ಹಾವು

ಕರ್ನಾಟಕದಲ್ಲಿ ಮರುಭೂಮಿ ಇಲ್ಲ ಅಂತ ಶಾಲೆಯಲ್ಲಿ ಓದಿದ್ದೇವೆ. ಲೆಕ್ಕದ ಪ್ರಕಾರ ಅದು ಸರಿ. ವರ್ಷಕ್ಕೆ 250 ಮಿಲಿಮೀಟರ್‌ಗಿಂತ ಕಡಿಮೆ ಮಳೆ ಬೀಳುವ ಜಾಗವನ್ನು ಮರುಭೂಮಿ ಅನ್ನೋದು ವಾಡಿಕೆ. ನಮ್ಮ ಅತಿ ಒಣ ತಾಲ್ಲೂಕಿನಲ್ಲೂ ಅದಕ್ಕಿಂತ ಜಾಸ್ತಿ ಬೀಳುತ್ತೆ. ಆದರೂ ಮುಂಗಾರು ಇನ್ನೂ ಸರಿಯಾಗಿ ಹಿಡಿಯದ ಜೂನ್ ಮೊದಲ ವಾರದಲ್ಲಿ ಚಳ್ಳಕೆರೆ ಸೀಮೆಗೆ ಒಮ್ಮೆ ಹೋಗಿ ನೋಡಿ. ಕೆಂಪು ಮಣ್ಣು, ಕಾದ ಬಂಡೆ, ಒಣಗಿದ ಹುಲ್ಲು, ಅಲ್ಲಲ್ಲಿ ಜಾಲಿ, ಕಳ್ಳಿ, ತಂಗಡಿ ಗಿಡ. ನೆರಳು ಬೇಕು ಅಂದ್ರೆ ಕಾರಿನ ಪಕ್ಕದಲ್ಲೇ ಕೂರಬೇಕು. ಪಶ್ಚಿಮ ಘಟ್ಟ ಮಳೆಮೋಡವನ್ನೆಲ್ಲ ಹಿಂಡಿಕೊಂಡು ಬಿಟ್ಟದ್ದು ಇವರ ಪಾಲು.

ಹಾವು ನೋಡೋ ಹುಚ್ಚಿರುವವರಿಗೆ ಕರ್ನಾಟಕ ಅಂದ್ರೆ ಆಗುಂಬೆ. ಅದು ಕಾಳಿಂಗ ಸರ್ಪದ ಊರು. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಅಂತ ವಿಜ್ಞಾನಿಗಳು ಗುರುತಿಸಿ, ಅದರ ವೈಜ್ಞಾನಿಕ ಹೆಸರಿನಲ್ಲೇ ನಮ್ಮ ‘ಕಾಳಿಂಗ’ ಪದವನ್ನು ಸೇರಿಸಿದರು. ಕೇಳಿ ಖುಷಿಯಾಯ್ತು. ಆದರೆ ಬಯಲುಸೀಮೆಗೆ ಹಾವು ನೋಡೋಕೆ ಅಂತಲೇ ಹೋಗೋರು ಕಡಿಮೆ. ನಾವು ಮೂವರು ಹೋದೆವು.

ಮೂರು ಕಂಡಾಗಿತ್ತು, ಒಂದು ಬಾಕಿ

ನಮ್ಮ ಮನೆ ಇರೋದು ಕೆಂಗೇರಿ ಉಪನಗರದಲ್ಲಿ. ಮೆಟ್ರೊ ಬಂದ ಮೇಲೆ ಇಲ್ಲಿ ಸೈಟಿನ ಬೆಲೆ ಏನಾಗಿದೆ ಅಂತ ನಿಮಗೆ ಗೊತ್ತು. ಆದರೂ ಖಾಲಿ ಸೈಟುಗಳು ಇನ್ನೂ ಇವೆ. ಗಿಡಗಂಟಿ, ಇಟ್ಟಿಗೆ ರಾಶಿ, ಕಸ, ಕಸಕ್ಕೆ ಇಲಿ, ಇಲಿಗೆ ಹಾವು. ಮಳೆಗಾಲದಲ್ಲಿ ಅಪಾರ್ಟ್‌ಮೆಂಟ್ ವಾಟ್ಸ್‌ಆಪ್ ಗ್ರೂಪಿಗೆ ವಾರಕ್ಕೊಂದು ಫೋಟೊ ಬೀಳುತ್ತೆ: “ಇದು ಯಾವ ಹಾವು? ವಿಷ ಇದೆಯಾ?” ಹತ್ತರಲ್ಲಿ ಏಳು ಸಲ ಅದು ಕೇರೆ ಹಾವು, ಪಾಪದ್ದು.

ಅಂಥ ಹೊತ್ತಿನಲ್ಲಿ ನಾವೆಲ್ಲ ಫೋನ್ ಮಾಡೋದು ನಮ್ಮ ಬಡಾವಣೆಯ ಒಬ್ಬ ಅಣ್ಣನಿಗೆ. ಹಗಲು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ, ಕರೆ ಬಂದರೆ ಹಾವು ರಕ್ಷಣೆ. ಹದಿನೈದು ವರ್ಷದ ಅನುಭವ. ನನಗೆ ಹಾವಿನ ಆಸಕ್ತಿ ಹತ್ತಿದ್ದು ಅವರ ಹಿಂದೆ ಟಾರ್ಚ್ ಹಿಡಿದು ಓಡಾಡಿ.

ನಮ್ಮ ದೇಶದಲ್ಲಿ ಅತಿ ಹೆಚ್ಚು ಜನರನ್ನು ಕೊಲ್ಲುವ ಹಾವುಗಳನ್ನು ‘ಬಿಗ್ ಫೋರ್’ ಅಂತಾರೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಮೊದಲ ಮೂರನ್ನು ಅಣ್ಣನ ಜೊತೆ ಕೆಂಗೇರಿ, ಕೊಮ್ಮಘಟ್ಟದ ಸುತ್ತಮುತ್ತಲೇ ನೋಡಿದ್ದೆ. ನಾಲ್ಕನೆಯದು ಈ ಏರಿಯಾದಲ್ಲಿ ಅವರಿಗೇ ಒಮ್ಮೆಯೂ ಸಿಕ್ಕಿಲ್ಲ. ಅದು ಒಣಭೂಮಿಯ ಹಾವು. ರಾಜಸ್ಥಾನದ ಮರಳಿನಲ್ಲೂ ಇದೆ, ನಮ್ಮ ಬಯಲುಸೀಮೆಯ ಕಲ್ಲಿನ ಸಂದಿಯಲ್ಲೂ ಇದೆ. ನನ್ನ ಆಫೀಸಿನ ಟೀಮಿನಲ್ಲಿ ಚಳ್ಳಕೆರೆ ತಾಲ್ಲೂಕಿನ ಗೆಳೆಯ ಒಬ್ಬನಿದ್ದಾನೆ. ಒಂದು ದಿನ ಊಟದ ಹೊತ್ತಿಗೆ ಈ ಮಾತು ಬಂದಾಗ ಅವನು ನಕ್ಕುಬಿಟ್ಟ. “ಅದನ್ನ ನೋಡಕ್ಕೆ ಕಾರ್ ತಗೊಂಡು ಬರ್ತೀರಾ? ನಮ್ಮಮ್ಮ ಅದು ಕಾಣದೇ ಇರ್ಲಿ ಅಂತ ದಿನಾ ಕೈ ಮುಗೀತಾಳೆ.”

ಈ ಮಾತು ಆಗ ತಮಾಷೆ ಅನ್ನಿಸಿತ್ತು.

ಕೆಂಗೇರಿಯಿಂದ ಕಾವಲಿಗೆ

ಶನಿವಾರ ಬೆಳಿಗ್ಗೆ ಐದೂವರೆಗೆ ಹೊರಟು ನೈಸ್ ರೋಡ್ ಹಿಡಿದು ತುಮಕೂರು ರಸ್ತೆಗೆ ಬಿದ್ದೆವು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋಗೋದು ಅಪರಾಧ, ಹಾಗಾಗಿ ತಿಂದೆವು. ಶಿರಾ ದಾಟಿದ ಮೇಲೆ ಭೂಮಿಯ ಬಣ್ಣ ಬದಲಾಗುತ್ತೆ. ತೆಂಗು ಕಡಿಮೆಯಾಗಿ ಆಕಾಶ ದೊಡ್ಡದಾಗುತ್ತೆ. ಹಿರಿಯೂರಿನಲ್ಲಿ ದೊಡ್ಡ ಹೆದ್ದಾರಿ ಬಿಟ್ಟು ಬಲಕ್ಕೆ ಬಳ್ಳಾರಿ ಕಡೆಯ ರಸ್ತೆ. ಇಲ್ಲಿಗೆ ಹತ್ತಿರದಲ್ಲೇ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ ಇದೆ. 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳೋಕೆ 2022ರವರೆಗೆ ಕಾಯಬೇಕಾಯ್ತು. ಈ ಸೀಮೆಯ ಮಳೆ ಹೇಗಿರುತ್ತೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಚಳ್ಳಕೆರೆ ಶೇಂಗಾ ಎಣ್ಣೆಗೆ, ಕುರಿ ಕಂಬಳಿಗೆ ಹೆಸರಾದ ಊರು. ಅಲ್ಲಿಂದ ನಾಯಕನಹಟ್ಟಿ ಕಡೆ ಹೊರಳಿದರೆ ರಸ್ತೆಯ ಎರಡೂ ಕಡೆ ದೂರದವರೆಗೂ ಹುಲ್ಲುಗಾವಲು. ಜನ ಇದನ್ನು ‘ಕಾವಲು’ ಅಂತಾರೆ. ಮೈಸೂರು ಅರಸರ ಕಾಲದಲ್ಲಿ ದನಗಳಿಗಾಗಿ ಕಾದಿಟ್ಟ ಭೂಮಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆ ಇಲಾಖೆಗೆ ‘ಬೆಣ್ಣೆ ಚಾವಡಿ’ ಅನ್ನೋ ಹೆಸರಿತ್ತು, ಟಿಪ್ಪು ಸುಲ್ತಾನ್ ಅದನ್ನು ‘ಅಮೃತ ಮಹಲ್’ ಮಾಡಿದ. ಇಲ್ಲಿ ಮೇಯ್ದ ಎತ್ತುಗಳು ಸೈನ್ಯದ ಫಿರಂಗಿ ಎಳೆದವು.

ಈಗ ಅದೇ ಕಾವಲಿನ ಸುಮಾರು 10,000 ಎಕರೆ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಇಸ್ರೊ, ಬಾಬಾ ಅಣು ಸಂಶೋಧನಾ ಕೇಂದ್ರ ಮುಂತಾದವರ ಪಾಲಾಗಿದೆ. 2023ರ ಏಪ್ರಿಲ್ 2ರಂದು ಇಸ್ರೊ ತನ್ನ ರೆಕ್ಕೆಯಿರುವ ಮರುಬಳಕೆ ವಾಹನವನ್ನು ಚಿನೂಕ್ ಹೆಲಿಕಾಪ್ಟರ್‌ನಿಂದ 4.5 ಕಿ.ಮೀ ಎತ್ತರದಲ್ಲಿ ಬಿಟ್ಟು, ಅದು ತಾನಾಗಿಯೇ ಬಂದು ಇಳಿಯೋ ಹಾಗೆ ಮಾಡಿದ್ದು ಇಲ್ಲಿನ ರನ್‌ವೇಯಲ್ಲಿ. ಆ ವಿಡಿಯೊ ನಾನು ಆಫೀಸಿನಲ್ಲಿ ಕೂತು ಮೂರು ಸಲ ನೋಡಿದ್ದೆ. ಎಂಜಿನಿಯರ್ ಆದವನಿಗೆ ಮೈ ಜುಮ್ ಅನ್ನೋ ದೃಶ್ಯ ಅದು. ಇನ್ನೊಂದು ಕಡೆ, ಪಕ್ಕದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್. ನಮ್ಮ ಮನೆಯ ಫ್ಯಾನ್ ತಿರುಗೋದರಲ್ಲಿ ಅದರ ಪಾಲೂ ಇರಬಹುದು.

ಆದರೆ ಗೋಡೆ ಎದ್ದ ಮೇಲೆ ಕುರಿ ಎಲ್ಲಿ ಮೇಯಬೇಕು ಅನ್ನೋ ಪ್ರಶ್ನೆ ಎತ್ತಿಕೊಂಡು ಇಲ್ಲಿನವರು ಹೋರಾಟ ಮಾಡಿದ್ದಾರೆ, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತು. ‘ಖಾಲಿ ಬಿದ್ದಿರುವ ಜಾಗ’ ಅಂತ ಕಾಗದದಲ್ಲಿ ಬರೆಯೋದು ಸುಲಭ. ನಾವು ಆ ಬೇಲಿಗಳ ಹತ್ತಿರಕ್ಕೂ ಹೋಗಲಿಲ್ಲ. ಗೆಳೆಯನ ಮನೆಯವರ ಹೊಲ, ಅದರ ಬದು, ಊರಿನ ಡಾಂಬರು ರಸ್ತೆ, ಇಷ್ಟೇ ನಮ್ಮ ಗಡಿ. ಎರಡು ದಿನಕ್ಕೆ ಅಷ್ಟೇ ಬೇಕಾದಷ್ಟಾಯ್ತು.

ಅಜ್ಜನ ಪಾಠ

ಹಗಲಿನಲ್ಲಿ ಹಾವು ಸಿಗೋದು ಕಷ್ಟ. ಬಿಸಿಲಿಗೆ ಎಲ್ಲ ಕಲ್ಲಿನಡಿ, ಬಿಲದೊಳಗೆ. ಆದರೂ ಜಾಗದ ಪರಿಚಯ ಹಗಲಿನಲ್ಲೇ ಮಾಡಿಕೊಳ್ಳಬೇಕು ಅಂತ ಅಣ್ಣ ನಮ್ಮನ್ನು ಸಂಜೆ ನಾಲ್ಕಕ್ಕೇ ಹೊರಡಿಸಿದರು. ಗಂಟಲು ಬೀಸಣಿಗೆಯ ಹಾಗೆ ಬಿಚ್ಚಿ ಹೆಣ್ಣನ್ನು ಕರೆಯೋ ಪುಟ್ಟ ಓತಿಕ್ಯಾತಗಳು ಕಲ್ಲಿನಿಂದ ಕಲ್ಲಿಗೆ ಓಡಾಡ್ತಿದ್ದವು. ಅವು ಇದ್ದರೆ ಅವನ್ನು ತಿನ್ನೋರೂ ಇರ್ತಾರೆ ಅಂದರು ಅಣ್ಣ.

ಅಲ್ಲಿ ಸಿಕ್ಕಿದ್ದು ಕುರಿ ಕಾಯುವ ಅಜ್ಜ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಉದ್ದನೆ ಕೋಲು, ಕಾಲಲ್ಲಿ ಟೈರಿನ ಚಪ್ಪಲಿ. ನಮ್ಮ ಗಮ್‌ಬೂಟು, ಹೆಡ್‌ಲ್ಯಾಂಪು ನೋಡಿ ನಿಂತರು.

“ಏನ್ ಕಳ್ಕಂಡೀರಪ್ಪಾ?”

“ಹಾವು ಹುಡುಕ್ತಾ ಇದ್ದೀವಿ ಅಜ್ಜ. ಹಿಡಿಯೋಕಲ್ಲ, ನೋಡೋಕೆ.”

“ಹುಡುಕಾದೇನೈತೆ? ಅದೇ ನಮ್ಮುನ್ನ ಹುಡುಕ್ಕಂಡು ಬರ್ತೈತೆ.”

ನಗು ಮುಗಿದ ಮೇಲೆ ಅವರು ಕೂತು ಬಲಗಾಲಿನ ಪಾದ ತೋರಿಸಿದರು. ಹೆಬ್ಬೆರಳ ಪಕ್ಕ ಚರ್ಮ ಸುಕ್ಕುಗಟ್ಟಿ ಕಪ್ಪಾಗಿತ್ತು. ಇಪ್ಪತ್ತು ವರ್ಷದ ಹಿಂದೆ, ಶೇಂಗಾ ಕೀಳುವಾಗ, ಗೇಣುದ್ದದ ಹಾವು ಕಚ್ಚಿತಂತೆ. ಮೊದಲ ದಿನ ಮಂತ್ರ ಹಾಕಿಸಿದರು. ಕಾಲು ಊದಿಕೊಂಡಿತು. ಎರಡನೇ ದಿನ ಬಾಯಿ ಮುಕ್ಕಳಿಸಿದರೆ ಹಲ್ಲಿನ ಸಂದಿಯಿಂದ ರಕ್ತ. ಆಮೇಲೆ ಯಾರದೋ ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋದರು. “ಅವತ್ತೇ ಹೋಗಿದ್ರೆ ಇಷ್ಟೆಲ್ಲ ಇರ್ತಿರ್ಲಿಲ್ಲ ಅಂದ್ರು ಡಾಕ್ಟ್ರು. ನನ್ ಜತಿಗೆ ಕಚ್ಚಿಸ್ಕಂಡಾನು ಇನ್ನೊಬ್ಬ ಇದ್ದ, ಆ ವರ್ಷನೇ. ಅವ್ನು ಹೋದ.”

ಹಲ್ಲಿನಿಂದ ರಕ್ತ ಅನ್ನೋ ಮಾತಿಗೆ ಅಣ್ಣ ನನ್ನ ಕಡೆ ನೋಡಿದರು. ಅದು ಮಂಡಲದ ಹಾವಿನ ವಿಷದ ಗುರುತು. ಆ ವಿಷ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತೆ. ಇದನ್ನು ಪತ್ತೆ ಮಾಡೋಕೆ ದೊಡ್ಡ ಯಂತ್ರ ಬೇಡ. ರೋಗಿಯ ರಕ್ತ ಒಂದಿಷ್ಟು ತೆಗೆದು, ಒಣಗಿದ ಶುಭ್ರ ಗಾಜಿನ ಟೆಸ್ಟ್ ಟ್ಯೂಬಿಗೆ ಹಾಕಿ, ಅಲ್ಲಾಡಿಸದೆ 20 ನಿಮಿಷ ಇಡ್ತಾರೆ. ಆಮೇಲೆ ವಾಲಿಸಿ ನೋಡಿದಾಗ ಹೆಪ್ಪುಗಟ್ಟದೆ ನೀರಿನ ಹಾಗೆ ಹರಿದರೆ ವಿಷ ಏರಿದೆ ಅಂತ ಅರ್ಥ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮಾಡಬಹುದಾದ ಪರೀಕ್ಷೆ. ಇಷ್ಟು ಸರಳ, ಇಷ್ಟು ಅಗ್ಗದ ಟೆಸ್ಟ್ ನಮ್ಮ ಸಾಫ್ಟ್‌ವೇರಿನಲ್ಲಿ ಇದ್ದಿದ್ದರೆ ಅಂತ ಆಸೆಪಟ್ಟೆ.

ಹೋಗೋ ಮುಂಚೆ ಅಜ್ಜ ಒಂದು ಪಾಠ ಹೇಳಿಕೊಟ್ಟರು. ಕಲ್ಲು ಎತ್ತಬೇಕಾದರೆ ಕೈ ಹಾಕಬಾರದು, ಕೋಲಿನ ಕೊಕ್ಕೆಯಿಂದ ಆ ಕಡೆಯ ಅಂಚನ್ನು ನಮ್ಮ ಕಡೆಗೆ ಎತ್ತಬೇಕು. ಆಗ ಕಲ್ಲೇ ನಮಗೂ ಹಾವಿಗೂ ನಡುವೆ ಗೋಡೆ. ನೋಡಿಯಾದ ಮೇಲೆ ಕಲ್ಲನ್ನು ಇದ್ದ ಹಾಗೇ ಇಡಬೇಕು. “ಅದ್ರ ಮನಿ ಅಲ್ಲೇನು?” ಹಾವಿನ ಆಸಕ್ತರು ದೇಶ ವಿದೇಶದಲ್ಲಿ ಪಾಲಿಸೋ ನಿಯಮ ಇದೇ. ಅಜ್ಜನಿಗೆ ಅದನ್ನು ಯಾರೂ ಕಲಿಸಿರಲಿಲ್ಲ.

ರಾತ್ರಿ ಇಪ್ಪತ್ತರ ಸ್ಪೀಡಿನಲ್ಲಿ

ಗೆಳೆಯನ ಅಮ್ಮ ಮುದ್ದೆ, ಶೇಂಗಾ ಚಟ್ನಿ, ಸೊಪ್ಪಿನ ಸಾರು ಹಾಕಿ, ಬಾಗಿಲಲ್ಲಿ ನಿಂತು, “ಹುಷಾರು ಕಣಪ್ಪ, ಟಾರ್ಚ್ ಆರಿಸಬ್ಯಾಡ್ರಿ” ಅಂದರು. ಏಳೂವರೆಗೆ ಕಾರು ಹತ್ತಿದೆವು.

ಹಾವು ತಣ್ಣನೆ ರಕ್ತದ ಪ್ರಾಣಿ, ಮೈ ಬಿಸಿಯನ್ನು ಹೊರಗಿನಿಂದ ಪಡೆಯಬೇಕು. ಸೂರ್ಯ ಮುಳುಗಿದ ಮೇಲೆ ಮಣ್ಣು ಬೇಗ ಆರುತ್ತೆ, ಕಪ್ಪು ಡಾಂಬರು ಮಾತ್ರ ಇನ್ನೂ ಕೆಲವು ಗಂಟೆ ಬೆಚ್ಚಗಿರುತ್ತೆ. ಹಾಗಾಗಿ ಹಾವು ರಸ್ತೆಗೆ ಬರುತ್ತೆ, ಕೆಲವು ಸಲ ಅಲ್ಲೇ ಮಲಗುತ್ತೆ. ಕಿಟಕಿ ಇಳಿಸಿ, ಗಂಟೆಗೆ 20 ಕಿ.ಮೀ ವೇಗದಲ್ಲಿ ರಸ್ತೆ ನೋಡುತ್ತಾ ಹೋಗೋದು ಹಾವು ಹುಡುಕೋರ ಹಳೇ ಪದ್ಧತಿ. ಹಾವನ್ನು ತೋರಿಸೋ ಅದೇ ರಸ್ತೆ ಹಾವನ್ನು ಕೊಲ್ಲುತ್ತೆ ಕೂಡ. ನಮಗೆ ಮೊದಲು ಸಿಕ್ಕಿದ್ದು ಚಕ್ರಕ್ಕೆ ಸಿಕ್ಕಿ ಚಪ್ಪಟೆಯಾದ ನೀರುಹಾವು. ಎರಡನೆಯದು ಕೇರೆ, ಅದೂ ಹಾಗೇ.

ಮೂರನೆಯದು ಜೀವಂತ. ದಪ್ಪ, ಇಟ್ಟಿಗೆ ಬಣ್ಣ, ತಲೆಯೂ ಬಾಲವೂ ಒಂದೇ ಥರ ಮೊಂಡು. ‘ಎರಡು ತಲೆ ಹಾವು’, ಮಣ್ಣುಮುಕ್ಕ ಅಂತಲೂ ಕರೀತಾರೆ. ವಿಷ ಇಲ್ಲ, ಕಚ್ಚೋ ಮನಸ್ಸೂ ಕಡಿಮೆ, ಮಣ್ಣೊಳಗೆ ಇಲಿ ಹಿಡಿದು ರೈತನಿಗೆ ಉಪಕಾರ ಮಾಡೋ ಪ್ರಾಣಿ. ಆದರೆ ಮನೆಯಲ್ಲಿಟ್ಟರೆ ದುಡ್ಡು ಬರುತ್ತೆ, ಇಷ್ಟು ಕೆಜಿ ತೂಗಿದರೆ ಇಷ್ಟು ಲಕ್ಷ ಅನ್ನೋ ಕಟ್ಟುಕಥೆಗೆ ಸಿಕ್ಕಿ ಇದರ ಕಳ್ಳಸಾಗಣೆ ನಡೆಯುತ್ತೆ. ಬೆಂಗಳೂರಿನಲ್ಲೇ ಎಷ್ಟೋ ಸಲ ಇಂಥ ಗುಂಪುಗಳನ್ನು ಪೊಲೀಸರು ಹಿಡಿದಿದ್ದಾರೆ. ಗೆಳೆಯ ಫೋಟೊ ತೆಗೆದ ಕೂಡಲೇ ಅಣ್ಣ ಹೇಳಿದ್ದು ಒಂದೇ ಮಾತು: “ಲೊಕೇಶನ್ ಆಫ್ ಮಾಡು. ಊರ ಹೆಸರು ಹಾಕ್ಬೇಡ.” ಅದಕ್ಕೇ ಈ ಲೇಖನದಲ್ಲೂ ಊರಿನ ಹೆಸರಿಲ್ಲ.

ಒಂಬತ್ತೂಮುಕ್ಕಾಲು. ಅಣ್ಣ ಕಾರು ನಿಲ್ಲಿಸು ಅಂದರು. ರಸ್ತೆ ಅಂಚಿನಲ್ಲಿ, ಕಲ್ಲು ಪೇರಿಸಿದ ಬದುವಿನ ಕೆಳಗೆ, ಒಣ ಎಲೆಯ ಹಾಗೆ ಏನೋ ಒಂದು. ನನಗೆ ಕಾಣಿಸಲೇ ಇಲ್ಲ. ಬೆಳಕು ಬಿಟ್ಟು ಎರಡು ನಿಮಿಷ ಆದ ಮೇಲೆ ಕಣ್ಣಿಗೆ ಬಿತ್ತು. ಒಂದು ಅಡಿ ಉದ್ದ ಇದ್ದೀತು. ಮಣ್ಣಿನದೇ ಕಂದು ಬಣ್ಣ, ಬೆನ್ನ ಮೇಲೆ ಬಿಳಿ ಚುಕ್ಕೆಗಳ ಸಾಲು, ಪಕ್ಕದಲ್ಲಿ ಅಲೆಯ ಹಾಗೆ ಗೆರೆ, ತಲೆಯ ಮೇಲೆ ಬಾಣದ ಗುರುತು. ಅಷ್ಟು ಪುಟ್ಟ ತಲೆಗೆ ಅಷ್ಟು ದೊಡ್ಡ ಕಣ್ಣು.

ಆಮೇಲೆ ಸದ್ದು ಕೇಳಿಸಿತು. ಮೈಯನ್ನು ಕುದುರೆ ಲಾಳದ ಹಾಗೆ ಸುತ್ತಿಕೊಂಡು, ಸುರುಳಿಯನ್ನು ಸುರುಳಿಗೆ ಉಜ್ಜುತ್ತಾ ಇತ್ತು. ಪಕ್ಕದ ಹುರುಪೆಗಳ ಅಂಚು ಗರಗಸದ ಹಲ್ಲಿನ ಹಾಗಿರೋದರಿಂದ ಉಜ್ಜಿದರೆ ಸದ್ದು ಬರುತ್ತೆ, ಹೆಸರು ಬಂದದ್ದೂ ಅದರಿಂದಲೇ. ಕಾದ ದೋಸೆ ಹೆಂಚಿನ ಮೇಲೆ ನೀರು ಚಿಮುಕಿಸಿದರೆ ಬರುತ್ತಲ್ಲ, ಅದೇ ಸದ್ದು. ಹತ್ತಿರ ಬರಬೇಡ ಅಂತ ಇದಕ್ಕಿಂತ ಸ್ಪಷ್ಟವಾಗಿ ಯಾವ ಪ್ರಾಣಿಯೂ ಹೇಳಲಾರದು. ಏಳೆಂಟು ಅಡಿ ದೂರದಲ್ಲೇ ನಿಂತೆವು. ಹೆದರಿಕೆ ಆಯ್ತಾ ಅಂದ್ರೆ ಆಯ್ತು. ಖುಷಿಯೂ ಆಯ್ತು.

ಅಷ್ಟರಲ್ಲಿ ಒಂದು ಟಿವಿಎಸ್ ಗಾಡಿ ಬಂತು. ನಡುವಯಸ್ಸಿನವರು, ಹಿಂದೆ ಏಳೆಂಟು ವರ್ಷದ ಮಗಳು. ನಾವು ಟಾರ್ಚ್ ಆಡಿಸಿ ನಿಲ್ಲಿಸಿದೆವು. ಅವರು ಇಳಿದು ನೋಡಿದರು, ಒಂದು ಮಾತೂ ಆಡದೆ ಬದುವಿನಿಂದ ಕಲ್ಲು ಎತ್ತಿಕೊಂಡರು.

ಗೆಳೆಯ ಅಡ್ಡ ಹೋದ. “ಮಾಮ, ಬ್ಯಾಡ, ಅದು ಹೋಗ್ತೈತೆ.”

“ಎಲ್ಲಿಗೆ ಹೋಗ್ತೈತೆ? ಅಗೋ ನಮ್ಮನಿ. ಬೆಳಿಗ್ಗೆ ಈ ಹುಡುಗಿ ಇದೇ ದಾರ್ಯಾಗೆ ಹಾಲು ಹಾಕಕ್ಕೆ ಹೋಗ್ತಾಳೆ.”

ನೂರು ಹೆಜ್ಜೆ ದೂರದಲ್ಲಿ ಒಂದು ಬಲ್ಬು ಉರೀತಿತ್ತು. ಆ ಹುಡುಗಿಯ ಕಾಲಲ್ಲಿ ರಬ್ಬರ್ ಚಪ್ಪಲಿ. ನಾವು ಮೂವರೂ ಮೊಣಕಾಲುದ್ದ ಬೂಟು ಹಾಕಿ ನಿಂತಿದ್ದೆವು. ಅವರಿಗೆ ಕೊಡೋಕೆ ನನ್ನ ಬಳಿ ಉತ್ತರ ಇರಲಿಲ್ಲ. ಹಾವು ಪರಿಸರಕ್ಕೆ ಒಳ್ಳೆಯದು ಅನ್ನೋ ಮಾತು ಆ ಕತ್ತಲಲ್ಲಿ ಬಾಯಿಗೆ ಬರಲಿಲ್ಲ.

ಮಾತಾಡಿದ್ದು ಅಣ್ಣ. ಮೊದಲು ಕಲ್ಲನ್ನು ಕೆಳಗಿಡಿ ಅನ್ನಲಿಲ್ಲ. ಹಾಲು ಹಾಕೋಕೆ ಎಷ್ಟು ಹೊತ್ತಿಗೆ ಹೋಗ್ತಾಳೆ, ಟಾರ್ಚ್ ಇದೆಯಾ, ಮನೆ ಮುಂದೆ ಕಟ್ಟಿಗೆ ರಾಶಿ ಎಲ್ಲಿದೆ, ರಾತ್ರಿ ನೆಲದ ಮೇಲೆ ಮಲಗ್ತೀರಾ ಅಂತ ಕೇಳಿದರು. ಕಲ್ಲಿನಿಂದ ಹೊಡೆಯೋಕೆ ಹತ್ತಿರ ಹೋದಾಗಲೇ ಎಷ್ಟೋ ಜನ ಕಚ್ಚಿಸಿಕೊಳ್ಳೋದು ಅಂತ ಹೇಳಿದರು. ಆಮೇಲೆ ಉದ್ದನೆ ಕೋಲಿನಿಂದ ಹಾವಿನ ಮುಂದೆ ನೆಲ ತಟ್ಟಿ, ಮನೆಗೆ ಬೆನ್ನು ಹಾಕಿದ ದಿಕ್ಕಿಗೆ ಮೆಲ್ಲಗೆ ದಾರಿ ತೋರಿಸಿದರು. ಅದು ನೇರ ಹರಿಯಲಿಲ್ಲ. ಮೈಯನ್ನು ಅಡ್ಡಡ್ಡ ಎಸೆಯುತ್ತಾ, ಮಣ್ಣಿನ ಮೇಲೆ ಓರೆ ಗೆರೆಗಳನ್ನು ಬಿಟ್ಟು, ಬಂಡೆಗಳ ಕಡೆ ಮಾಯವಾಯ್ತು. ಅವರು ಕಲ್ಲು ಕೆಳಗೆ ಹಾಕಿದರು. ಒಪ್ಪಿ ಹಾಕಿದರಾ, ಬೇಜಾರಿನಿಂದ ಹಾಕಿದರಾ, ಮುಖ ಕಾಣಿಸಲಿಲ್ಲ.

ಅಣ್ಣ ತಮ್ಮ ಹೆಡ್‌ಲ್ಯಾಂಪ್ ಬಿಚ್ಚಿ ಆ ಹುಡುಗಿಯ ಕೈಗೆ ಕೊಟ್ಟರು. “ನಾಳೆಯಿಂದ ಇದು ಹಾಕ್ಕೊಂಡೇ ಹೋಗ್ಬೇಕು ಪುಟ್ಟಿ.”

ಲೆಕ್ಕಕ್ಕೆ ಸಿಗದವರು

ಹಿಂದಿರುಗುವಾಗ ಇದೇ ಮಾತು. 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದ್ರೆ ವರ್ಷಕ್ಕೆ ಸರಾಸರಿ 58,000. ಬಹುಪಾಲು ಹಳ್ಳಿಯವರು. ಆಸ್ಪತ್ರೆಗೆ ಬರದೇ ಸತ್ತವರು ಸರ್ಕಾರದ ಪುಸ್ತಕಕ್ಕೂ ಬರೋದಿಲ್ಲ. ಅಜ್ಜನ ಜೊತೆಗಾರ ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ.

ಒಂದು ಒಳ್ಳೆಯ ಸುದ್ದಿ ಇದೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಸರ್ಕಾರಿ, ಖಾಸಗಿ ಎಲ್ಲ ಆಸ್ಪತ್ರೆಗಳೂ ಲೆಕ್ಕ ಕೊಡಬೇಕು. ಎಲ್ಲಿ ಎಷ್ಟು ಜನರಿಗೆ ಕಚ್ಚುತ್ತೆ ಅಂತ ಗೊತ್ತಾದರೆ ತಾನೇ ಅಲ್ಲಿಗೆ ಅಷ್ಟು ಔಷಧ ಕಳಿಸೋದು? ಡೇಟಾ ಸರಿ ಇಲ್ಲದಿದ್ದರೆ ಏನಾಗುತ್ತೆ ಅಂತ ನಮ್ಮ ಕ್ಷೇತ್ರದವರಿಗೆ ಹೇಳಿಕೊಡಬೇಕಾಗಿಲ್ಲ.

ಔಷಧದ ಬಗ್ಗೆಯೂ ಒಂದು ಮಾತು. ಕಚ್ಚಿದ ಹಾವನ್ನು ಹಿಡಿದು ಅಥವಾ ಕೊಂದು ಆಸ್ಪತ್ರೆಗೆ ತರಬೇಕು ಅನ್ನೋ ನಂಬಿಕೆ ಇನ್ನೂ ಇದೆ. ಬೇಕಾಗಿಲ್ಲ. ನಮ್ಮಲ್ಲಿ ಕೊಡೋ ಪ್ರತಿವಿಷ ‘ಬಿಗ್ ಫೋರ್’ನ ನಾಲ್ಕೂ ಹಾವುಗಳಿಗೆ ಸೇರಿಸಿ ಮಾಡಿದ್ದು. ಅದಕ್ಕೆ ಬೇಕಾದ ವಿಷದ ಬಹುಭಾಗ ಬರೋದು ಚೆನ್ನೈ ಹತ್ತಿರದ ಇರುಳರ ಸಹಕಾರ ಸಂಘದಿಂದ, 1978ರಲ್ಲಿ ಶುರುವಾದದ್ದು. ತಲೆಮಾರುಗಳಿಂದ ಹಾವು ಹಿಡಿದವರ ಕೈಚಳಕ ಇವತ್ತು ದೇಶದ ಜೀವ ಉಳಿಸ್ತಿದೆ.

ನೀವೂ ಹೋಗೋದಾದರೆ

ಸ್ಥಳೀಯರು ಜೊತೆಗಿರಲಿ. ಯಾರದೇ ಹೊಲಕ್ಕೆ ಹೋಗೋ ಮುಂಚೆ ಅವರನ್ನು ಕೇಳಿ. ಕಾವಲಿನ ಬೇಲಿ ದಾಟಬೇಡಿ, ಅರಣ್ಯ ಇಲಾಖೆಯ ಜಾಗಕ್ಕೆ ಅನುಮತಿ ಇಲ್ಲದೆ ಹೋಗಬೇಡಿ.

ಅನುಭವ ಇರೋರು ಒಬ್ಬರು ಇರಲೇಬೇಕು. ಗಮ್‌ಬೂಟು, ದಪ್ಪ ಪ್ಯಾಂಟು, ಎರಡು ಟಾರ್ಚ್, ಫುಲ್ ಚಾರ್ಜ್ ಆದ ಫೋನು. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆ ಅಂತ ಹೊರಡೋ ಮುಂಚೆಯೇ ವಿಚಾರಿಸಿಕೊಳ್ಳಿ.

ಹಾವನ್ನು ಮುಟ್ಟಬೇಡಿ, ಹಿಡಿಯಬೇಡಿ, ರೀಲ್ಸ್‌ಗೋಸ್ಕರ ಕೆಣಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ ಅನ್ನೋದು ಒಂದು ಕಾರಣ. ಪುಟ್ಟ ಗರಗಸ ಮಂಡಲ ಕಣ್ಣು ಮಿಟುಕಿಸೋದರೊಳಗೆ ಕಚ್ಚುತ್ತೆ ಅನ್ನೋದು ಇನ್ನೊಂದು.

ಅಕಸ್ಮಾತ್ ಕಚ್ಚಿದರೆ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಬಿಗಿಯಾಗಿ ದಾರ ಕಟ್ಟಬೇಡಿ. ಉಂಗುರ, ವಾಚು, ಕಾಲ್ಗೆಜ್ಜೆ ತೆಗೆದುಬಿಡಿ. ಕಚ್ಚಿದ ಕೈ ಅಥವಾ ಕಾಲನ್ನು ಅಲ್ಲಾಡದ ಹಾಗೆ ಇಟ್ಟುಕೊಂಡು 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ನೇರ ಆಸ್ಪತ್ರೆಗೆ ಹೋಗಿ.

ಇನ್ನು ಏನೂ ನೋಡೋಕೆ ಹೋಗದವರಿಗೂ ಒಂದು ಕೋರಿಕೆ. ಜೂನ್‌ನಿಂದ ಮುಂದೆ ಸಂಜೆಯ ಮೇಲೆ ಹಳ್ಳಿ ರಸ್ತೆಗಳಲ್ಲಿ ಸ್ವಲ್ಪ ನಿಧಾನವಾಗಿ ಓಡಿಸಿ, ಎದುರಿಗೆ ನಡೆದು ಬರೋರ ಕೈಯಲ್ಲಿ ಬೆಳಕಿದೆಯಾ ಅಂತ ಒಮ್ಮೆ ನೋಡಿ. ಆ ಟ್ರಿಪ್ ಆದ ಮೇಲೆ ನಾವು ಆಫೀಸಿನಲ್ಲಿ ದುಡ್ಡು ಹಾಕಿ ಗೆಳೆಯನ ಊರಿಗೆ 40 ಟಾರ್ಚ್ ಕಳಿಸಿದೆವು. ಒಂದು ವಾರಾಂತ್ಯದ ಹೋಟೆಲ್ ಬಿಲ್ಲಿನಷ್ಟೂ ಆಗಲಿಲ್ಲ. ಗಮ್‌ಬೂಟಿನ ಅಳತೆಗಳನ್ನು ಗೆಳೆಯನ ಅಮ್ಮ ಮನೆಮನೆಗೆ ಹೋಗಿ ಬರೆದುಕೊಳ್ತಿದ್ದಾರೆ. ಶೇಂಗಾ ಕೀಳುವ ಹೊತ್ತಿಗೆ ಕಳಿಸಬೇಕು.